ಬಾಗಿಲೆದುರಿನ ಜಾಗ

ಜಂಕ್ಷನ್ ರಸ್ತೆ, ಡೆಟ್ರಾಯಿಟ್
ಭಾನುವಾರ, ೮ ಮಾರ್ಚ್ ೧೯೫೯

ಮುದ್ದಿನ ಜಿಗ್ಮುಂಟ್,

ಹೇಗಿದ್ದೀಯೋ? ಡೊಲೊರೆಸ್ ಹೇಗಿದ್ದಾಳೆ, ಊಟ ಸೇರುತ್ತಿದೆಯೇ, ಸೊಂಟದ ನೋವು ಇಳಿಯಿತೇ? ನನ್ನ ಪುಟಾಣಿ ಹಾಲಿನಾಳ ಕೆಮ್ಮು? ಬಿಸಿ ಹಾಲಿಗೆ ಜೇನು, ಬೆಣ್ಣೆ ಹಾಕಿ ಕುಡಿಸು. ಚಿಕ್ಕವನಿದ್ದಾಗ ನೀನು ಅದನ್ನೇ ಮೂಗು ಹಿಡಿದುಕೊಂಡು ಕುಡಿದು ಇಷ್ಟೆತ್ತರ ಬೆಳೆದದ್ದು. ನಾನು ಚೆನ್ನಾಗಿದ್ದೇನೆ, ಮಂಡಿಯೊಂದು ಮಾತು ಕೇಳುವುದಿಲ್ಲ. ನಿನ್ನ ಹಳೇ ಪಾಠದ ಪುಸ್ತಕ ನೋಡಿ ಅಕ್ಷರ ಕಲಿತವಳು ನಿನ್ನ ಅತ್ತೆ, ತಪ್ಪಿದ್ದರೆ ತಿದ್ದಿಕೊಂಡು ಓದು.

ನಿಮ್ಮಪ್ಪ ಬದುಕಿದ್ದಾನೆ. ಲಕೋಟೆಯ ಮೇಲೆ ನನ್ನ ಕೈಬರಹ ಕಂಡು ನೀನು ಬೇರೇನೋ ಅಂದುಕೊಳ್ಳಬಾರದೆಂದು ಮೊದಲೇ ಹೇಳಿದೆ. ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿವೆ. ಮಾತು ನಿಂತಿದೆ. ಈಸ್ಟರ್ ದಾಟುವುದು ಕಷ್ಟ ಅಂದರು ಡಾಕ್ಟರು. ಅಷ್ಟರೊಳಗೆ ನೀನು ಬಂದು ನೋಡುತ್ತೀಯೋ ಇಲ್ಲವೋ ಅನ್ನುವುದೊಂದೇ ಈಗ ಬೀದಿಯವರಿಗೆಲ್ಲ ಮಾತು. ನನ್ನನ್ನು ಕೇಳುತ್ತಾರೆ, ನಾನು ಸೂಪು ಕಲಕುತ್ತಿರುತ್ತೇನೆ.

ಆದದ್ದು ಹೀಗೆ. ಹೋದ ತಿಂಗಳ ಕೊನೆಯಲ್ಲಿ ಮುಂಬಾಗಿಲ ಹಿಮ ಎತ್ತಿಹಾಕುತ್ತಿದ್ದವನು ಸಲಿಕೆ ಬಿಟ್ಟು ಮೆಟ್ಟಿಲ ಮೇಲೆ ಕುಳಿತುಬಿಟ್ಟ. ಮುಖ ಬೂದಿ ಬಣ್ಣವಾಗಿತ್ತು. ಕ್ಯಾಡಿಲಾಕ್ ಬಳಗದ್ದೇ ಆದ ನಮ್ಮ ಷೆವರ್ಲೆ ಚಳಿಗೆ ಸ್ಟಾರ್ಟ್ ಆಗಲಿಲ್ಲ. ಎದುರುಮನೆಯವರ ಅಳಿಯ ಬೆನೆಕ್ ಓಡಿಹೋಗಿ ರೈಲು ಸೇತುವೆಯ ಆಚೆ ನಿಲ್ಲಿಸಿದ್ದ ತನ್ನ ಮರ್ಕ್ಯುರಿ ತಂದ. ಅವನೂ ನಿನ್ನ ಹಾಗೆ ಫೋರ್ಡ್ ಕಡೆಯ ಕೆಲಸಗಾರ, ಪಾಪ, ಮದುವೆಯಾದಾಗಿನಿಂದ ಅಲ್ಲೇ ನಿಲ್ಲಿಸಿ ನಡೆದು ಬರುತ್ತಾನೆ. ಕ್ಲಾರ್ಕ್ ರಸ್ತೆಯಲ್ಲಿ ಕ್ಯಾಡಿಲಾಕ್ ಕಟ್ಟುವವರ ಬೀದಿ ಇದು, ಫೋರ್ಡಿನವರ ಮರ್ಕ್ಯುರಿ, ಲಿಂಕನ್ ಯಾವುದೂ ಸೇತುವೆ ದಾಟಿ ಬರುವ ಹಾಗಿಲ್ಲ. ಅವತ್ತು ಅವನು ದಾಟಿದ. ನಮ್ಮ ಬಾಗಿಲಿಗೇ ತಂದು, ಬಾಗಿಲು ತೆಗೆದು, "ಏಳಿ ಮಾವ, ಕೈ ಕೊಡಿ" ಅಂದ. ನಿಮ್ಮಪ್ಪ ಎದೆ ಹಿಡಿದುಕೊಂಡೇ, "ಇದನ್ನ ತೆಗಿಯೋ ಮೊದ್ಲು. ನಾನು ಇದಕ್ಕೆ ಹತ್ತಲ್ಲ" ಅಂದ. "ಸಾಯ್ತೀಯಲ್ಲೋ ಫೆಲಿಕ್ಸ್!" ಅಂದೆ. "ಸತ್ರೆ ಕ್ಯಾಡಿಲಾಕಲ್ಲೇ ಹೋಗ್ತೀನಿ, ಫೋನ್ ಮಾಡು" ಅಂದ. ಶವಸಂಸ್ಕಾರದವರ ಕ್ಯಾಡಿಲಾಕೇ ಅಲ್ಲವೇ ನಮಗೆ ಆಂಬುಲೆನ್ಸೂ? ಅದು ಯಾರದೋ ಹೆಣ ಹೊತ್ತುಕೊಂಡು ಸ್ಮಶಾನಕ್ಕೆ ಹೋಗಿತ್ತು. ಅದನ್ನಿಳಿಸಿ ಬರುವವರೆಗೂ ನಿಮ್ಮಪ್ಪ ಮೆಟ್ಟಿಲ ಮೇಲೇ ಕೂತಿದ್ದ. ಬೆನೆಕ್ ಇಂಜಿನ್ ಆರಿಸದೆ ಬಾಗಿಲು ತೆರೆದುಕೊಂಡೇ ನಿಂತಿದ್ದ, ಅಳುತ್ತಿದ್ದ. ಕ್ಯಾಡಿಲಾಕ್ ಬರುವಷ್ಟರಲ್ಲಿ ನಿಮ್ಮಪ್ಪನ ಬಾಯಿ ಒಂದು ಕಡೆಗೆ ಜಾರಿಹೋಗಿತ್ತು. ಬೇಗ ಬಂದಿದ್ದರೆ ಇಷ್ಟಾಗುತ್ತಿರಲಿಲ್ಲ ಅಂತ ಡಾಕ್ಟರು ಬೈದರು. ನನ್ನನ್ನೇ ಬೈದರು.

ಜನ್ಮದಲ್ಲಿ ಒಂದು ಕ್ಯಾಡಿಲಾಕ್ ಕೊಂಡವನಲ್ಲ, ನೋಡು. ಬೇರೆಯವರ ಕಾರಿನ ಹಿಂದಿನ ರೆಕ್ಕೆಗೆ ಕೆಂಪು ದೀಪ ಕೂರಿಸುತ್ತಲೇ ಬೆನ್ನು ಬಾಗಿತು. ಈ ವರ್ಷದ ರೆಕ್ಕೆಯಷ್ಟು ಎತ್ತರದ್ದು ಹಿಂದೆಂದೂ ಬಂದಿರಲಿಲ್ಲವಂತೆ, ಅದನ್ನು ಹೇಳುವಾಗ ಕೈಯನ್ನು ನೆತ್ತಿಯವರೆಗೆ ಎತ್ತುತ್ತಿದ್ದ. ನಿನಗೆ ತೊಟ್ಟಿಲ ಕಥೆಯೂ ಅದೇ. ಇಂಗ್ಲೆಂಡಿನಲ್ಲಿ ಮೂರು ಕ್ಯಾಡಿಲಾಕ್ ಬಿಚ್ಚಿ, ಎಲ್ಲ ಬೆರೆಸಿ ರಾಶಿ ಹಾಕಿ, ಮತ್ತೆ ಮೂರು ಕಟ್ಟಿ ಓಡಿಸಿದ್ದು. ಕೈಯಲ್ಲಿ ಹಿಡಿ ತಿರುಗಿಸದೆ ಗುಂಡಿ ಒತ್ತಿದರೆ ಸ್ಟಾರ್ಟ್ ಆಗುವ ಕಾರು ಮೊದಲು ಮಾಡಿದ್ದು. ನೀನು ವಿಕ್ಸಮ್‌ನಲ್ಲಿ ಲಿಂಕನ್ ಕಾರ್ಖಾನೆ ಸೇರಿದ ದಿನ, "ಅಪ್ಪಾ, ನಿಮ್ಮ ಕಂಪನಿ ಕಟ್ಟಿದ ಲೀಲ್ಯಾಂಡ್ ಮುದುಕನೇ ಅದನ್ನ ಬಿಟ್ಟು ಬಂದು ನಮ್ಮದೂ ಕಟ್ಟಿದ್ದು, ಇಬ್ರಿಗೂ ಒಬ್ನೇ ತಾತ" ಅಂದೆಯಲ್ಲ, ಅದಕ್ಕೆ ಅವನು, "ಮುದುಕಂಗೆ ಬುದ್ಧಿ ಕೆಟ್ಟಿತ್ತು. ನಿಂಗೆ ಈ ವಯಸ್ಸಿಗೇ ಕೆಟ್ಟಿದೆ" ಅಂದ. ನಾವೆಲ್ಲ ನಕ್ಕೆವು. ಅವತ್ತು ಅದು ನಗುವ ಮಾತೇ ಆಗಿತ್ತು.

ಕ್ರಿಸ್ಮಸ್ ಹಿಂದಿನ ಸಂಜೆಯದನ್ನು ನಿನಗೆ ನಾನು ಹೇಳಬೇಕಿಲ್ಲ. ಆದರೆ ನೀನು ಹೊರಗಿದ್ದೆ, ಒಳಗಿನದು ನಿನಗೆ ಗೊತ್ತಿಲ್ಲ. ಎಲ್ಲರೂ ಚೂರು ಮುರಿದು ಹಂಚಿಕೊಂಡು ಕ್ಷಮೆ ಕೇಳುವ ಬಿಳಿ ರೊಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡೇ ನಿಮ್ಮಪ್ಪ ಬಾಗಿಲಿಗೆ ಹೋಗಿ ನಿನ್ನ ಕಪ್ಪು ಲಿಂಕನ್ ನೋಡಿದ. "ಈ ಮೆಳ್ಳೆಗಣ್ಣಿನ ದೀಪದ್ದು ನನ್ನ ಮನೆ ಮುಂದೆ ನಿಲ್ಲಲ್ಲ. ಸೇತುವೆ ಆಚೆ ಇಟ್ಟು ಬಾ" ಅಂದ. "ಅಪ್ಪಾ, ಡೊಲೊರೆಸ್‌ಗೆ ಏಳು ತಿಂಗಳು, ಅವಳನ್ನಾದ್ರೂ ಇಲ್ಲಿ ಇಳಿಸ್ತೀನಿ" ಅಂದೆ ನೀನು. "ಒಂದ್ ಕ್ಷಣಾನೂ ನಿಲ್ಲಿಸ್ಬೇಡ. ಬೀದಿ ನೋಡ್ತಿದೆ" ಅಂದ. ನೀನು ಸಿಟ್ಟಿನಲ್ಲಿ ತಿರುಗಿಸಿಕೊಂಡು ಹೋದೆ. ಅಲ್ಲಿಂದ ನಡೆದು ಬರುವಾಗ ಅವಳು ರೈಲು ಸೇತುವೆಯ ಕೆಳಗಿನ ರಸ್ತೆಯಲ್ಲಿ ಮಂಜುಗಡ್ಡೆಯ ಮೇಲೆ ಜಾರಿ ಬಿದ್ದಳು. ಆಸ್ಪತ್ರೆಯಿಂದ ಫೋನ್ ಬಂತು, ಮಗು ಉಳಿಯಲಿಲ್ಲ, ಗಂಡುಮಗು ಅಂತ. ನಾನು ಬಂದು ಹೇಳಿದೆ. ಮೀನಿನ ಮುಳ್ಳು ಬಿಡಿಸುತ್ತಿದ್ದ. ತಲೆಯೆತ್ತಿ ಕೇಳಿದ್ದು ಇಷ್ಟೇ: "ಆ ಕಾರು ಹೋಯ್ತಾ?"

ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ಬರೆದೆ.

ಬೀದಿಯವರು ದಿನಾ ಬಂದು, ಇಂಥ ನಿಯತ್ತಿನವನು ಇನ್ನೊಬ್ಬನಿಲ್ಲ, ಕ್ಯಾಡಿಲಾಕ್ ಬರುವವರೆಗೂ ಹಟ ಬಿಡಲಿಲ್ಲ ಅಂತ ಹೊಗಳಿ ಅವನ ಕೈ ಒತ್ತುತ್ತಾರೆ. ಹೊಗಳಿದಾಗ ಎಡಗಣ್ಣು ಮಿನುಗುತ್ತದೆ. ಎಲ್ಲ ತಿಳಿಯುತ್ತದೆ ಅವನಿಗೆ, ಡಾಕ್ಟರೂ ಅದನ್ನೇ ಹೇಳಿದರು. ಪಾದ್ರಿಗಳು "ಮಗನಿಗೆ ಬರೆಯಮ್ಮ, ಕ್ಷಮಿಸು ಅಂತ ಬರೆ" ಅಂದರು. ಬರೆಯುತ್ತೇನೆ ಅಂದೆ. ಕ್ಷಮಿಸುವುದು ಬಿಡುವುದು ನಿನಗೆ ಬಿಟ್ಟದ್ದು, ಆ ಮಾತು ನಾನು ಹೇಳುವುದಿಲ್ಲ. ಒರೆಸುವುದು, ತಿನ್ನಿಸುವುದು, ಮಗ್ಗುಲು ಬದಲಿಸುವುದು ಎಲ್ಲ ನಾನೇ ಮಾಡುತ್ತಿದ್ದೇನೆ, ಅವನಿಗೆ ಏನೂ ಕಡಿಮೆಯಿಲ್ಲ. ಒಡಹುಟ್ಟಿದವನಲ್ಲವೇ.

ಡೊಲೊರೆಸ್‌ಳ ಹಣೆಗೆ ನನ್ನ ಮುತ್ತು, ಹಾಲಿನಾಳ ಎರಡೂ ಕೆನ್ನೆಗೆ. ದೇವರ ತಾಯಿ ನಿಮ್ಮ ಮನೆ ಕಾಯಲಿ.

ನಿನ್ನ
ಲಿಯೋಕಾಡಿಯಾ ಅತ್ತೆ

ಮರೆತಿದ್ದೆ: ನೀನು ಬರುವುದಾದರೆ ಆ ಕಪ್ಪು ಲಿಂಕನ್‌ನಲ್ಲೇ ಬಾ. ಸೇತುವೆಯ ಆಚೆ ಇಡಬೇಡ, ನಮ್ಮ ಬಾಗಿಲೆದುರಿಗೇ ನಿಲ್ಲಿಸು, ಮೆಳ್ಳೆಗಣ್ಣು ಮನೆಯ ಕಡೆಗಿರಲಿ. ಎರಡು ದಿನ ಇದ್ದು ಹೋಗು. ಬೇಕಿದ್ದರೆ ಕಾರು ಇಲ್ಲೇ ಬಿಟ್ಟು ಬಸ್ಸಿನಲ್ಲಿ ಹೋಗು. ಬೀದಿಯವರಿಗೆ ನಾನು ಉತ್ತರ ಹೇಳಿಕೊಳ್ಳುತ್ತೇನೆ. ನಿಮ್ಮಪ್ಪನ ಮಂಚವನ್ನು ಬೆನೆಕ್ ಕೈಯಲ್ಲಿ ಮುಂದಿನ ಕಿಟಕಿಗೆ ತಿರುಗಿಸಿ ಹಾಕಿಸಿದ್ದೇನೆ. ಕತ್ತು ಹೊರಳಿಸಲಾರ. ಪರದೆ ಬಿಚ್ಚಿ ಒಗೆಯಲು ಹಾಕಿದ್ದೇನೆ. ಯಾವ ದಿನ ಬರುತ್ತೀ ಅಂತ ಬೇಗ ಕಾಗದ ಬರೆ.