ಗುಣ ಉಂಟು ಎಂದವನ ಕಾಲು

ಸೀತಾಂಗೋಳಿ
8 ಮೇ 2025, ಗುರುವಾರ

ಪ್ರೀತಿಯ ಅಕ್ಷಯಾ,

ಕಳೆದ ನವೆಂಬರ್ ಹದಿನಾರರಂದು, ನಮ್ಮ ಗ್ರಂಥಾಲಯದ ಮಹಾಸಭೆಯಲ್ಲಿ, ಊರಿನವರೆಲ್ಲರ ಎದುರು ನೀನು ಕಿಟ್ಟಣ್ಣನನ್ನು ಸುಳ್ಳುಗಾರನನ್ನಾಗಿ ಮಾಡಿದೆ. ಪತ್ರವನ್ನು ಹೀಗೆ ಆರಂಭಿಸಬಾರದು ಎಂದು ನಿನ್ನ ಅಮ್ಮ, ನನ್ನ ತಂಗಿ ತುಂಗಾ, ಪಕ್ಕದಲ್ಲೇ ಕೂತು ಹೇಳುತ್ತಿದ್ದಾಳೆ. ಆಗಲಿ, ಕ್ರಮ ತಪ್ಪಿಸುವುದಿಲ್ಲ. ನಿನ್ನ ಆರೋಗ್ಯ ಹೇಗಿದೆ? ಕೋಝಿಕ್ಕೋಡಿನ ಆಸ್ಪತ್ರೆಯಲ್ಲಿ ಊಟಕ್ಕಾದರೂ ಬಿಡುವು ಸಿಗುತ್ತದೆಯೇ? ಮೊದಲಿನಿಂದಲೂ ಕೆಲಸ ಹೆಚ್ಚಾದರೆ ನೀನು ಊಟ ಬಿಡುವವಳು. ಅಮ್ಮ ಮಾಡಿದ ಮಿಡಿ ಉಪ್ಪಿನಕಾಯಿಯನ್ನು ನಿನ್ನ ತಮ್ಮ ವಿನೀತನ ಕೈಯಲ್ಲಿ ಕಳಿಸಿದ್ದೇವೆ. ನಾನು ಮಾಡಿದ ಕರೆಗಳನ್ನು ನೀನು ತೆಗೆಯುತ್ತಿಲ್ಲ. ಹಾಗಾಗಿ ನಾಳೆ ಬೆಳಗಿನ ರೈಲಿಗೆ ಹೊರಡುವ ಅವನೇ ಈ ಪತ್ರವನ್ನೂ ತರುತ್ತಾನೆ. ಓದಿ ಮುಗಿಸುವ ತನಕ ಅಲ್ಲಿಂದ ಕದಲಬೇಡ ಎಂದು ಅವನಿಗೆ ಹೇಳಿದ್ದೇನೆ.

ಗ್ರಂಥಾಲಯದಲ್ಲಿ ಭಾನುವಾರ ನಡೆಯುವ ಅಭಿನಂದನಾ ಸಭೆಯ ಆಮಂತ್ರಣ ಪತ್ರಿಕೆ ಅಚ್ಚಾಗಿ ಬಂತು. ಈ ವರ್ಷ ವೈದ್ಯರಾದ ಉಜ್ವಲಾ ಮತ್ತು ಯತಿನ್‌ಗೆ ಶಾಲು, ಹಾರ. ಮುಖ್ಯ ಅತಿಥಿ ಡಾಕ್ಟರ್ ಅಕ್ಷಯಾ. ಹೊಸ ವೈದ್ಯರಿಗೆ ನೀನು ಹೇಳುವ ಹಿತವಚನದ ವಿಷಯ 'ರೋಗಿಯ ಮಾತನ್ನು ಆಲಿಸುವುದು ಹೇಗೆ'. ವಿಷಯವನ್ನು ನೀನೇ ಆರಿಸಿದೆ ಎಂದು ಕಾರ್ಯದರ್ಶಿ ಹೆಮ್ಮೆಯಿಂದ ಹೇಳಿದ. ನನಗೆ ಸ್ವಾಗತ ಭಾಷಣ. ಮೂರು ಸಲ ಬರೆದು ಮೂರು ಸಲವೂ ಹರಿದೆ. ನಿನ್ನನ್ನು ಹೊಗಳುವ ವಾಕ್ಯಕ್ಕೆ ಬಂದಾಗಲೆಲ್ಲ ಪೆನ್ನು ನಿಂತಿತು.

ನಡೆದದ್ದನ್ನು ಮರೆಯುವಷ್ಟು ಕಾಲ ಆಗಿಲ್ಲ. ಆದರೂ ಬರೆಯುತ್ತೇನೆ. ಹೌಸ್ ಸರ್ಜನ್ಸಿ ಮುಗಿಸಿ ಬಂದ ನೀನು ಗ್ರಂಥಾಲಯದ ಮಹಡಿಯ ಚಿಕಿತ್ಸಾಲಯದಲ್ಲಿ ಕೂತಾಗ ಕಿಟ್ಟಣ್ಣನಷ್ಟು ಸಂತೋಷಪಟ್ಟವರು ಇನ್ನೊಬ್ಬರಿಲ್ಲ. ಎಲ್‌ಕೆಜಿಯಿಂದ ಹತ್ತನೆಯ ತನಕ ನಿನ್ನನ್ನು ರಿಕ್ಷಾದಲ್ಲಿ ಶಾಲೆಗೆ ಬಿಟ್ಟವನು ಅವನು. "ಡಾಕ್ಟ್ರಾದ ಮೇಲೆ ನನ್ನ ರಿಕ್ಷಾಕ್ಕೆ ಹತ್ತುವಿಯಾ ಮಾರಾಯ್ತಿ, ಅಲ್ಲ ಮೂಗು ಮುಚ್ಚಿಕೊಳ್ಳುವಿಯಾ?" ಎಂದು ಛೇಡಿಸುತ್ತಿದ್ದವನು ನೀನು ಆ ಕುರ್ಚಿಯಲ್ಲಿ ಕೂತ ದಿನದಿಂದ ನಿನಗೆ 'ನೀವು' ಎನ್ನತೊಡಗಿದ. ಸಕ್ಕರೆ ಕಾಯಿಲೆಯವನು. ಬಲಗಾಲಿನ ಅಡಿಯಲ್ಲಿ ಒಂದು ಹುಣ್ಣಾಗಿತ್ತು, ನೀನು ಮಾತ್ರೆ ಮತ್ತು ಮುಲಾಮು ಕೊಟ್ಟೆ. ಮುಂದಿನ ವಾರ ಬಂದಾಗ ಹೇಗಿದೆ ಎಂದು ಕೇಳಿದೆ. "ಗುಣ ಉಂಟು ಡಾಕ್ಟ್ರಮ್ಮ, ನಿಮ್ಮ ಕೈಗುಣ" ಎಂದ. ಅದೇ ಮಾತ್ರೆಯನ್ನು ಮುಂದುವರಿಸಲು ಹೇಳಿ ಕಳಿಸಿದೆ. ಅದರ ಮುಂದಿನ ವಾರವೂ ಹಾಗೆಯೇ. ನಮ್ಮವರ ಕ್ರಮದಂತೆ ಅವನು ಚಪ್ಪಲಿಯನ್ನು ಬಾಗಿಲ ಹೊರಗೆ ಬಿಟ್ಟು, ಬರಿಗಾಲಿನಲ್ಲಿ ನಿನ್ನ ಮೇಜಿನ ಎದುರು ಕೂತಿದ್ದ. ನೀನು ಕಾಲೆತ್ತಿ ನೋಡಲಿಲ್ಲ. ಕೊನೆಗೆ ಜ್ವರ ಏರಿ, ಮಂಗಳೂರಿಗೆ ಒಯ್ದು, ಮೊಣಕಾಲಿನ ಕೆಳಗೆ ಕಾಲನ್ನೇ ತೆಗೆದರು.

ಆ ದಿನಗಳಲ್ಲಿ ಚಿಕಿತ್ಸಾಲಯದ ಮೆಟ್ಟಿಲಿನ ಕೆಳಗಿನವರೆಗೆ ಜನ ನಿಂತಿರುತ್ತಿದ್ದರು, ನೀನು ಒಬ್ಬಳೇ ಇದ್ದೆ. ಅದನ್ನು ನಾನೇ ಕಂಡವನು. ನೋಡದೆ ಬಿಟ್ಟದ್ದಕ್ಕಾಗಿ ನಾನು ನಿನ್ನೊಡನೆ ಜಗಳಕ್ಕೆ ಬಂದಿಲ್ಲ, ಬರುವುದೂ ಇಲ್ಲ. ಹೊಸ ಡಾಕ್ಟರಿಗೆ ತಪ್ಪು ಆಗುತ್ತದೆ, ಹಳಬರಿಗೂ ಆಗುತ್ತದೆ. ಆದರೆ ಮಹಾಸಭೆಯಲ್ಲಿ ಸದಸ್ಯರೊಬ್ಬರು ಎದ್ದು ನಿಂತು ಅವನ ಕಾಲು ಹೋದದ್ದು ಹೇಗೆ ಎಂದು ಕೇಳಿದಾಗ ನೀನು ಕೊಟ್ಟ ಉತ್ತರ? "ಎರಡು ಸಲವೂ ನಾನು ಕೇಳಿದ್ದೇನೆ. ಗುಣವಾಗಿದೆ ಎಂದು ರೋಗಿಯೇ ಹೇಳಿದ್ದಾರೆ. ರೋಗಿ ನಿಜವನ್ನು ಮುಚ್ಚಿಟ್ಟರೆ ವೈದ್ಯರು ಏನು ಮಾಡಲು ಸಾಧ್ಯ?" ಇಷ್ಟು ಹೇಳಿ ಕೂತೆ. ಕೆಲವರು ಚಪ್ಪಾಳೆಯನ್ನೂ ತಟ್ಟಿದರು. ಒಂದು ತಿಂಗಳಲ್ಲಿ ನೀನು ಕೋಝಿಕ್ಕೋಡಿಗೆ ಹೋದೆ. ಅವನು ಇಲ್ಲೇ ಉಳಿದ.

ಹೊರಗಿನಿಂದ ಬಂದ ಡಾಕ್ಟರು ಹೀಗೆ ಹೇಳಿದ್ದರೆ ಊರ ರೀತಿ ಗೊತ್ತಿಲ್ಲ ಎಂದು ಸುಮ್ಮನಿರುತ್ತಿದ್ದೆ. ನಿನಗೆ ಗೊತ್ತಿಲ್ಲವೇ? ನಮ್ಮಲ್ಲಿ ಡಾಕ್ಟರ ಹತ್ತಿರ ಗುಣ ಇಲ್ಲ ಎಂದು ಯಾರು ಹೇಳಿದ್ದಾರೆ? ಹಾಗೆಂದರೆ ಅವರ ಕೈಗುಣವನ್ನೇ ಹಳಿದ ಹಾಗೆ. ಮನೆಗೆ ಕರೆದು ಬಡಿಸಿದವರ ಎದುರು ಊಟ ರುಚಿಯಿಲ್ಲ ಎಂದು ಹೇಳಿದಷ್ಟೇ ಅಸಭ್ಯ. ನೀನು ಮೂರನೆಯ ತರಗತಿಯಲ್ಲಿದ್ದಾಗ ನಿನ್ನ ಅಮ್ಮನನ್ನು ಜ್ವರಕ್ಕೆಂದು ಕುಂಬಳೆಗೆ ಒಯ್ದಿದ್ದೆವು. "ಈಗ ಗುಣ ಉಂಟು ಡಾಕ್ಟ್ರೆ" ಎಂದು ಇವಳು ನಗುನಗುತ್ತಾ ಹೇಳುವಾಗ, ನೀನು ನನ್ನ ಪಕ್ಕದಿಂದ ಜಿಗಿದು ಹೋಗಿ, "ಅಮ್ಮ ಬರೀ ಹೇಳುವುದು. ಬೆಳಗ್ಗೆಯಿಂದ ವಾಂತಿ ಉಂಟು, ಹೊಟ್ಟೆ ಒತ್ತಿ ನೋಡಿ" ಎಂದೆ. ಆ ಮುದಿ ಡಾಕ್ಟರು ನಕ್ಕು, "ಇವಳನ್ನು ಓದಿಸಿ" ಎಂದರು. ಓದಿಸಿದೆವು. ಎಂಟನೆಯ ವಯಸ್ಸಿನಲ್ಲಿ ನಿನಗೆ ಗೊತ್ತಿದ್ದದ್ದು ಎಂಬಿಬಿಎಸ್ ಆದ ಮೇಲೆ ಗೊತ್ತಿಲ್ಲದೆ ಹೋಯಿತೇ? ಗೊತ್ತಿತ್ತು. ಗೊತ್ತಿದ್ದೇ ಅವನ ಮರ್ಯಾದೆಯ ಮಾತನ್ನು ನಿನ್ನ ರಕ್ಷಣೆಗೆ ಹಿಡಿದೆ. ನನ್ನನ್ನು ಸುಡುವುದು ಅದು.

ಈಗ ಕಿಟ್ಟಣ್ಣನ ರಿಕ್ಷಾವನ್ನು ಸ್ಟ್ಯಾಂಡಿನ ಹುಡುಗ ಪ್ರವೀಣ್ ಬಾಡಿಗೆಗೆ ಓಡಿಸುತ್ತಾನೆ. ಸ್ಟ್ಯಾಂಡಿನಲ್ಲಿ ಮಾತು ಬಂದಾಗಲೆಲ್ಲ, "ಬಾಯಿ ಬಿಟ್ಟು ಹೇಳಿದ್ದರೆ ಕಾಲು ಉಳಿಯುತ್ತಿತ್ತು ಮಾರಾಯ" ಎಂದು ಎಲ್ಲರಿಗೂ ಬುದ್ಧಿ ಹೇಳುವವನು ಅವನೇ. ಕಿಟ್ಟಣ್ಣನ ಹೆಂಡತಿ ಪುಷ್ಪಾವತಿ ಒಮ್ಮೆ ಅಲ್ಲೇ ನಿಂತು, "ಮದುವೆಯಾದಂದಿನಿಂದ ಇವರು ಸಾರಿಗೆ ಉಪ್ಪಿಲ್ಲ ಅಂತ ಒಂದು ದಿನ ಹೇಳಿದವರಲ್ಲ. ಡಾಕ್ಟ್ರಿಗೆ ಹೇಳ್ತಾರಾ? ನಿಮಗೆ ಎಂತ ಮಂಡೆ ಸಮ ಇಲ್ವಾ?" ಎಂದು ಜೋರು ಮಾಡಿದಳು. ಎಲ್ಲರೂ ನಕ್ಕರು. ಕಿಟ್ಟಣ್ಣನೂ ನಕ್ಕ. ಆಮೇಲೆ ನನ್ನೊಡನೆ, "ಲೋಕಣ್ಣ, ಅದು ನನ್ನದೇ ತಪ್ಪು. ಅವರನ್ನು ಬೈಯಬೇಡಿ, ನಾನು ಎತ್ತಿ ಆಡಿಸಿದ ಮಗು" ಎಂದ.

ಆದ್ದರಿಂದ ಉಜ್ವಲಾ, ಯತಿನ್ ಇಬ್ಬರಿಗೆ ಹೇಳುವುದಿದ್ದರೆ ಇದನ್ನು ಹೇಳು: ಈ ಊರಿನಲ್ಲಿ 'ಗುಣ ಉಂಟು' ಎಂದರೆ ನಮಸ್ಕಾರ ಎಂದಷ್ಟೇ ಅರ್ಥ. ನಮಸ್ಕಾರವನ್ನು ಸ್ವೀಕರಿಸಿ, ಆಮೇಲೆ ಕಾಲು ನೋಡಿ. ಜೊತೆಗೆ ಬಂದ ಹೆಂಡತಿಯನ್ನು ಕೇಳಿ, ಮಕ್ಕಳನ್ನು ಕೇಳಿ. ತಪ್ಪಾದರೆ ಹೆದರಬೇಡಿ, ಓಡಿಹೋಗಬೇಡಿ. ನಿಮ್ಮನ್ನು ಸಹಿಸುವಷ್ಟು ಒಳ್ಳೆಯತನ ಇಲ್ಲಿಯ ಜನರಲ್ಲಿದೆ. ಆ ಒಳ್ಳೆಯತನದ ಹಿಂದೆ ಮಾತ್ರ ಅಡಗಬೇಡಿ. ನಿನಗಿಂತ ಚೆನ್ನಾಗಿ ಇದನ್ನು ಹೇಳಬಲ್ಲವರು ಯಾರೂ ಇಲ್ಲ, ಮಗಳೇ. ಅದಕ್ಕಾಗಿಯೇ ಇಷ್ಟು ಕೋಪ. ನೀನು ಒಳ್ಳೆಯ ಡಾಕ್ಟರಾಗುತ್ತೀ ಎಂಬ ನಂಬಿಕೆ ಇಲ್ಲದಿದ್ದರೆ ಎರಡು ಸಾಲು ಬರೆದು ಮುಗಿಸುತ್ತಿದ್ದೆ.

ಹೊತ್ತಿಗೆ ಸರಿಯಾಗಿ ಉಣ್ಣು. ದೇವರು ನಿನಗೆ ಆರೋಗ್ಯವನ್ನೂ ಅದರೊಡನೆ ಧೈರ್ಯವನ್ನೂ ಕೊಡಲಿ.

ನಿನ್ನ
ಲೋಕಯ್ಯ ಮಾವ

ಮರೆತ ಮಾತಲ್ಲ, ಈಗಷ್ಟೇ ತಿಳಿದದ್ದು: ಪತ್ರ ಮಡಚುವಾಗ ಪುಷ್ಪಾವತಿ ಓಡಿಬಂದಳು. ಕಿಟ್ಟಣ್ಣನ ಎಡಗಾಲಿನ ಕಿರುಬೆರಳಿನ ಅಡಿಯಲ್ಲಿ ಬೊಕ್ಕೆ ಎದ್ದು ನೀರು ಸೋರುತ್ತಿದೆ. ಅವನು ಗುಣ ಉಂಟು ಎನ್ನುತ್ತಿದ್ದಾನಂತೆ. ಉಜ್ವಲಾಳನ್ನು ಕರೆದುಕೊಂಡು ಹೋದೆ. ಅವನು ಉಟ್ಟ ಮುಂಡನ್ನು ಕಾಲಿನ ಮೇಲೆ ಎಳೆದುಕೊಂಡು, "ಬೇಡ ಲೋಕಣ್ಣ. ನಾನು ಸುಳ್ಳು ಹೇಳುವವ ಅಂತ ಸಭೆಯಲ್ಲೇ ಆಗಿದೆ. ನಾಳೆ ಇದೂ ಹೋದರೆ ಈ ಹುಡುಗಿಯ ಹೆಸರು ಹಾಳಾಗ್ತದೆ" ಎಂದು ಮುಟ್ಟಲು ಬಿಡಲಿಲ್ಲ. ಮಂಗಳೂರಿಗೂ ಬರುವುದಿಲ್ಲವಂತೆ. ಭಾನುವಾರದ ತನಕ ಆ ಕಾಲು ಕಾಯುವುದಿಲ್ಲ ಎಂದು ಉಜ್ವಲಾ ಹೇಳುತ್ತಾಳೆ. ಪತ್ರ ಓದಿದ ಕೂಡಲೇ ವಿನೀತನ ಜೊತೆಯಲ್ಲೇ ಹೊರಟು ಬಾ. ನಮ್ಮ ಮನೆಗೆ ಬೇಡ, ನೇರ ರಿಕ್ಷಾ ಸ್ಟ್ಯಾಂಡಿಗೆ. ಕಿಟ್ಟಣ್ಣನನ್ನು ನಾನು ಅಲ್ಲಿ ಕೂರಿಸಿರುತ್ತೇನೆ. ಸುಳ್ಳುಗಾರ ಎಂಬ ಆ ಹೆಸರು ಅಳಿಯದೆ ಅವನು ಯಾರಿಗೂ ಕಾಲು ತೋರಿಸುವವನಲ್ಲ. ಅವನ ಬಲಗಾಲು ಹೋದದ್ದು ಯಾರು ನೋಡದೆ ಬಿಟ್ಟದ್ದರಿಂದ? ಉತ್ತರವನ್ನು ನನಗೆ ಬರೆದು ಕಳಿಸಬೇಡ. ಅಲ್ಲಿ ನಿಂತು, ಪ್ರವೀಣನಿಗೂ ಕೇಳುವ ಹಾಗೆ, ಗಟ್ಟಿಯಾಗಿ ಹೇಳು.