ಕರಗದೆ ಉಳಿದ ಅಕ್ಷರ

ಲೇಬಲ್ ಕೋಣೆಯ ಕಿಟಕಿ ಪಕ್ಕದಿಂದ
ಜೂನ್ ೧೦, ಮಂಗಳವಾರ, ಊಟದ ಬಿಡುವು

ಪ್ರೀತಿಯ ಅಕ್ಕಾ,

ಚೆನ್ನಾಗಿದ್ದೀಯಾ? ಕಾಲು ಮುರಿದುಕೊಂಡ ಚಿಕ್ಕಮ್ಮ ಈಗ ಗೋಡೆ ಹಿಡಿದು ನಡೆಯುತ್ತಾರಾ? ಅವರನ್ನು ಎತ್ತಿ ಕೂರಿಸಿ ನಿನ್ನ ಸೊಂಟ ಹಿಡಿದುಕೊಂಡೀತು, ಜೋಪಾನ. ಅಮ್ಮ ಆರಾಮ. "ಅವಳು ಹೋದ್ಮೇಲೆ ಮನೇಲಿ ಜಗಳಕ್ಕೂ ಜನ ಇಲ್ಲ" ಅಂತ ದಿನಾ ನನ್ನ ಮೇಲೆ ರೇಗುತ್ತಾಳೆ.

ನಿನ್ನ ಕತ್ತರಿ ಈಗ ನನ್ನ ಹತ್ತಿರ ಇದೆ. ಬಟ್ಟೆ ಚೂರು ಅರೆದು ಮಾಡಿದ ಕಾಗದದ, ಅಂಗಿಗೆ ದಾರದಲ್ಲಿ ಕಟ್ಟುವ ಆ ಕಂದು ಲೇಬಲ್ ನೆನಪಿದೆಯಲ್ಲ, "ಮಣ್ಣಿಗೆ ಹಾಕಿ, ಮಣ್ಣಾಗುತ್ತೇನೆ" ಅಂತ ಬರೆದದ್ದು? ದಿನಕ್ಕೆ ಸಾವಿರ ಸಲ ಅದನ್ನು ಓದಿ ಓದಿ ನನಗೆ ಕುತೂಹಲ ಹತ್ತಿತು. ನಿಜವಾಗಿ ಆಗುತ್ತದಾ? ಎಷ್ಟು ದಿನಕ್ಕೆ? ಮೊದಲು ದಾರ ಕರಗುತ್ತದಾ, ಕಾಗದವಾ? ಯಾರನ್ನು ಕೇಳುವುದು, ಜನರೆದುರು ಬಾಯಿ ತೆರೆಯದೆ ಚಿಪ್ಪೊಳಗೆ ಸೇರುವ ನನ್ನ ಸ್ವಭಾವ ನಿನಗೆ ಗೊತ್ತೇ ಇದೆ. ನೀನು ಹೊರಟ ವಾರವೇ ಕಾರ್ಖಾನೆಯ ಹಿಂದಿನ ಮೆಟ್ಟಿಲ ಮೇಲಿನ ಹೂಕುಂಡದಲ್ಲಿ ಒಂದನ್ನು ಹೂತು, ಗುರುತಿಗೆ ಅಂಗಿ ಗುಂಡಿ ಇಟ್ಟೆ. ಕೈ ತೊಳೆದ ನೀರೆಲ್ಲ ಅದಕ್ಕೇ. ಪ್ಯಾಕಿಂಗ್ ಅಣ್ಣ ನೋಡಿ, "ಏನೇ, ಅಂಗಿ ಬೆಳೀತಿದ್ದೀಯಾ? ನಂಗೂ ಒಂದು ಇಡು, ಉದ್ದ ತೋಳಿಂದು" ಅಂದ.

ಮೂರು ತಿಂಗಳಾಯಿತಲ್ಲ, ಇವತ್ತು ಬೆಳಿಗ್ಗೆ ಕೆದಕಿದೆ. ದಾರ ಇಲ್ಲ. ಕಾಗದವೂ ಇಲ್ಲ, ಬೆರಳಾಡಿಸಿ ಹುಡುಕಿದರೂ ಸಿಗಲಿಲ್ಲ. ಎಷ್ಟು ಖುಷಿಯಾಯಿತು ಗೊತ್ತಾ! ಆಮೇಲೆ ಉಗುರಿಗೆ ಏನೋ ತಾಗಿತು. ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನ ಪ್ಲಾಸ್ಟಿಕ್ ಪೊರೆ. ತೊಳೆದು ಬೆಳಕಿಗೆ ಹಿಡಿದರೆ ಅಕ್ಷರ ಹಾಗೇ ಇವೆ: ಮಣ್ಣಾಗುತ್ತೇನೆ.

ಅದು ನಿನ್ನ ಪೊರೆ ಅಕ್ಕಾ. ಶಾಯಿ ಬಿಳಿ ಅಂಗಿಗೆ ಹತ್ತಿ ಇಡೀ ಸರಕು ವಾಪಸ್ ಬಂದಾಗ, "ಮೇಲೊಂದು ಹೊಳಪಿನ ಹಾಳೆ ಅಂಟಿಸಿ" ಅಂದವಳು ನೀನು. ಅದಕ್ಕೇ ಮೇಡಂ ನಿನ್ನನ್ನು ಮೇಲ್ವಿಚಾರಕಿ ಮಾಡಿದ್ದು. ನೀನು ಬರಲಿ ಅಂತ ಆ ಕುರ್ಚಿಯನ್ನು ಇನ್ನೂ ಖಾಲಿ ಇಟ್ಟಿದ್ದಾರೆ. ನಾಳೆ ಹತ್ತು ಸಾವಿರ ಲೇಬಲ್ ಹೊರಡುತ್ತವೆ. ಹೇಳಿದರೆ ನಿನ್ನ ಕುರ್ಚಿ ಹೋಗುತ್ತದೆ. ಹೇಳದಿದ್ದರೆ, ನನ್ನ ಹಾಗೆ ನಂಬಿ ಕುಂಡದಲ್ಲಿ ಹೂಳುವವರು ಎಷ್ಟು ಜನರೋ. ಪೊರೆ ನನ್ನ ಜೇಬಿನಲ್ಲಿದೆ. ನಿನ್ನ ಉತ್ತರ ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ.

ಚಿಕ್ಕಮ್ಮನಿಗೆ ನನ್ನ ನಮಸ್ಕಾರ ಹೇಳು. ಅವರಿಗೆ ಬಡಿಸಿ ಬಡಿಸಿ ನೀನು ಉಪವಾಸ ಬೀಳಬೇಡ.

ನಿನ್ನ ತಂಗಿ,
ಬಸವನಹುಳು

ಲಕೋಟೆ ಅಂಟಿಸುವ ಮೊದಲು: ಹೇಳಿಬಿಟ್ಟೆ ಅಕ್ಕಾ. ಪೊರೆಯನ್ನೂ ಹೂಕುಂಡವನ್ನೂ ಮೇಡಂ ಮೇಜಿನ ಮೇಲಿಟ್ಟೆ. ಎರಡು ಸಲ ಓದಿದರು. "ಇದು ನಿಮ್ಮಕ್ಕನ ಐಡಿಯಾ ಅಲ್ವಾ?" ಅಂದರು. ಹೌದು ಅಂದೆ. ಬೈಯಬೇಡ. ನಾಳೆಯ ಸರಕು ನಿಂತಿದೆ. ನಿನ್ನ ಕುರ್ಚಿ ಮೇಲೆ ಆ ಹೂಕುಂಡ ಇಡಿಸಿ, "ಶಾಯಿ ಹತ್ತಬಾರದು, ಪೊರೆನೂ ಇರಬಾರದು. ದಾರಿ ಹುಡುಕಿದ್ರೆ ನಿಮ್ಮಕ್ಕನೇ ಬಂದು ಕುಂಡ ಇಳಿಸಿ ಕೂರಲಿ" ಅಂದಿದ್ದಾರೆ. ನನಗೊಂದು ತೋಚಿದೆ. ಶಾಯಿಯೇ ಹಚ್ಚದೆ, ಅಕ್ಷರ ಉಬ್ಬುವಂತೆ ಅಚ್ಚನ್ನು ಗಟ್ಟಿಯಾಗಿ ಒತ್ತಿದರೆ? ಹಾಗೆ ಒಂದು ಲೇಬಲ್ ಒತ್ತಿ ಈ ಲಕೋಟೆಯೊಳಗೆ ಇಟ್ಟಿದ್ದೇನೆ, ಯಾರಿಗೂ ತೋರಿಸಿಲ್ಲ. ಕಣ್ಣು ಮುಚ್ಚಿ ಬೆರಳಾಡಿಸು. ಓದಲು ಬಂದರೆ ಪತ್ರ ಬರೆಯುತ್ತಾ ಕೂರಬೇಡ, ಅದನ್ನು ಹಿಡಿದುಕೊಂಡು ನೀನೇ ಬಾ.