‘ಮತ್ತು ಇತರರು’ ಎಂಬಲ್ಲಿ ನನ್ನ ತಂಗಿ ಇದ್ದಾಳೆ

ಮಾನ್ಯ ಸಂಪಾದಕರೇ,

ನಿಮ್ಮ ಸಂಶೋಧನಾ ಪತ್ರಿಕೆಯ ಹೊಸ ಸಂಚಿಕೆಯಲ್ಲಿ ಒಂದು ಲೇಖನದ ಕೊನೆಗೆ ಉಲ್ಲೇಖಗಳ ಪಟ್ಟಿ ಇದೆ. ಅದರಲ್ಲಿ ನನ್ನ ತಂಗಿಯ ಕೆಲಸ ಇದೆ, ತಂಗಿ ಇಲ್ಲ. ಅವಳ ಹೆಸರು ಇರಬೇಕಾದಲ್ಲಿ ‘ಮತ್ತು ಇತರರು’ ಎಂದಿದೆ. ಅವಳು ಈಗ ಭೂಮಿಯ ಮೇಲೂ ಇಲ್ಲ. ಒಬ್ಬಳನ್ನೇ ಎರಡು ಸಲ ಕಳೆದುಕೊಳ್ಳುವಷ್ಟು ಗಟ್ಟಿ ಎದೆ ದೇವರು ನನಗೆ ಕೊಟ್ಟಿಲ್ಲ. ಅದಕ್ಕೇ ಈ ಪತ್ರ. ಮಡಚಿ ಬದಿಗಿಟ್ಟುಬಿಡಲು ಆಗಬಾರದೆಂದು ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ನಾನು ಬಟ್ಟೆ ಹೊಲಿಯುವವಳು. ಹಳ್ಳಿ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಓದಿದ್ದೇನೆ. ಅಮ್ಮ ತೀರಿಕೊಂಡಾಗ ತಂಗಿ ಇನ್ನೂ ತೊದಲು ಮಾತಿನವಳು. ನನ್ನ ಹೊಲಿಗೆ ಯಂತ್ರದ ಸದ್ದು ನಿಂತರೆ ಎಚ್ಚರವಾಗಿ ಅಳುತ್ತಿದ್ದಳು. ಹಿಡಿಯಷ್ಟೇ ಇದ್ದುದರಿಂದ ಗುಬ್ಬಿ ಎಂದು ಕರೆದೆವು. ಆ ಗುಬ್ಬಿ ದೊಡ್ಡವಳಾಗಿ ಮಕ್ಕಳ ಕಿವಿಯ ಬಗ್ಗೆ ಸಂಶೋಧನೆಗೆ ಕೂತಳು. ವಾಹನಗಳ ಗದ್ದಲದ ರಸ್ತೆ ಪಕ್ಕದ ಶಾಲೆಗಳಿಗೆ ಯಂತ್ರ ಹೊತ್ತುಕೊಂಡು ಹೋಗಿ ಒಂದೊಂದು ಮಗುವಿನ ಕಿವಿ ಪರೀಕ್ಷಿಸಿದಳು. ದಡ್ಡರೆಂದು ಹಿಂದಿನ ಬೆಂಚಿಗೆ ತಳ್ಳಿದ ಮಕ್ಕಳಲ್ಲಿ ಎಷ್ಟೋ ಮಂದಿಗೆ ಪಾಠವೇ ಕೇಳಿಸುತ್ತಿರಲಿಲ್ಲ ಎಂದು ತೋರಿಸಿಕೊಟ್ಟಳು. “ಅಕ್ಕಾ, ಅವರು ದಡ್ಡರಲ್ಲ ಕಣೇ, ಅವರನ್ನ ಯಾರೂ ಸರಿಯಾಗಿ ಕರೆದೇ ಇಲ್ಲ” ಎಂದು ಬಾಗಿಲಲ್ಲೇ ನಿಂತು ಅತ್ತಿದ್ದಳು, ಕಾಲಿನ ಚಪ್ಪಲಿ ಬಿಡದೆ.

ಲೇಖನ ಬರೆದವಳೂ ಅವಳೇ. ಆದರೆ ಮೊದಲ ಹೆಸರು ಮಾರ್ಗದರ್ಶಕರದು, ಎರಡನೆಯದು ವಿಭಾಗದ ಮುಖ್ಯಸ್ಥರದು, ಮೂರನೆಯದು ಯಂತ್ರ ಕೊಡಿಸಿದವರದು. ಗೆದ್ದಲು ಕಟ್ಟಿದ ಹುತ್ತದಲ್ಲಿ ಹಾವು ಮನೆ ಮಾಡುವುದು ನನಗೆ ಹೊಸದೇನಲ್ಲ. “ಹೋಗ್ಲಿ ಬಿಡಕ್ಕ, ನಾಲ್ಕನೆಯದಾದ್ರೂ ಹೆಸರು ಅಂತ ಇರುತ್ತಲ್ಲ” ಎಂದಳು. ನಾನೂ ಹೋಗಲಿ ಎಂದುಕೊಂಡೆ.

ನಿಮ್ಮ ಕಚೇರಿ ಲೇಖನವನ್ನು ಒಪ್ಪಿಕೊಂಡಿತು, ಉಲ್ಲೇಖಗಳನ್ನು, ಅಂದರೆ ಅವಳು ಆಧರಿಸಿದ ಬೇರೆಯವರ ಲೇಖನಗಳ ಪಟ್ಟಿಯನ್ನು, ನಿಮ್ಮ ಶೈಲಿಗೆ ತರಬೇಕೆಂಬ ಷರತ್ತಿನ ಮೇಲೆ. ಆ ಸಂದೇಶ ಬಂದಾಗ ಅವಳು ಆಸ್ಪತ್ರೆಯಲ್ಲಿದ್ದಳು. ಕೈಗೆ ಸಲೈನ್ ಸೂಜಿ ಚುಚ್ಚಿದ್ದರು. ಕಂಪ್ಯೂಟರನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಹೇಳಿದಂತೆ ಒಂದೇ ಬೆರಳಲ್ಲಿ ಒತ್ತಿದವಳು ನಾನು. ಒಂದು ಪುಟ ಮುಗಿದಾಗ ಪರದೆಯನ್ನು ಅವಳ ಕಡೆ ತಿರುಗಿಸಿದೆ.

“ಅಕ್ಕಾ, ಇದೇನೇ? ಎಲ್ಲರ ಹೆಸರಿಗೂ ‘ಅವರು’ ಅಂತ ಬಾಲ ಅಂಟಿಸಿದ್ದೀಯಲ್ಲ!”

“ಮತ್ತೆ? ಓದಿದವರು, ದೊಡ್ಡವರು. ಬರೀ ಹೆಸರು ಹಿಡಿದು ಕರೆಯೋಕೆ ನನ್ನ ಜೊತೆ ಕುಂಟಾಬಿಲ್ಲೆ ಆಡಿದವರಾ?”

“ಇಲ್ಲಿ ದೊಡ್ಡವರು ಚಿಕ್ಕವರು ಅಂತಿಲ್ಲ. ಮನೆತನದ ಹೆಸರು, ಅಲ್ಪವಿರಾಮ, ಒಂದಕ್ಷರ, ಚುಕ್ಕಿ. ಮುಗೀತು.”

“ದೊಡ್ಡವರು ಚಿಕ್ಕವರು ಇಲ್ಲ ಅಂದ್ಮೇಲೆ ನೀನ್ಯಾಕೆ ನಾಲ್ಕನೆಯವಳು?”

ಅವಳು ಪರದೆಯ ಮೇಲೆ ಮುಂದಿನ ಸಾಲು ತೋರಿಸಿದಳು. ಒಂದೊಂದು ಲೇಖನಕ್ಕೂ ಮೂರು ಹೆಸರಾದ ಮೇಲೆ ‘ಮತ್ತು ಇತರರು’ ಎಂದು ಹಾಕಿ ಮಿಕ್ಕವರನ್ನು ಬಿಡು ಎಂದಳು. ಹಾಗೆಂದರೇನು ಎಂದು ಕೇಳಿದೆ.

“ಜಾಗ ಸಾಲದೆ ಹೊರಗೆ ನಿಂತವರು.”

“ಬಿಸಿಲಲ್ಲೋ, ಮಳೇಲೋ?”

ನಕ್ಕಳು. ನಗು ಕೆಮ್ಮಾಯಿತು. ಉಸಿರು ಹಿಡಿತಕ್ಕೆ ಬಂದ ಮೇಲೆ ಅಂದಳು: “ಯಾರನ್ನೂ ಹೊರಗೆ ನಿಲ್ಲಿಸ್ಬೇಡಕ್ಕ. ಬಾಲ ಕತ್ತರಿಸು, ಆದ್ರೆ ಎಲ್ಲರ ಹೆಸರೂ ಬರಿ. ಒಂದ್ಸಲ ನೋಡೇ ಬಿಡೋಣ, ಏನಂತಾರೆ.”

ಏನಂದಿರಿ ಎಂಬುದು ನಿಮಗೆ ಗೊತ್ತು. ‘ಉಲ್ಲೇಖಗಳು ಶೈಲಿ ಸೂಚಿಗೆ ಅನುಗುಣವಾಗಿಲ್ಲ. ಸರಿಪಡಿಸಿ ಮರುಸಲ್ಲಿಸಿ.’ ಮಕ್ಕಳ ಕಿವಿಯ ಬಗ್ಗೆ ಒಂದು ಮಾತಿಲ್ಲ. ಅಷ್ಟು ಹೊತ್ತಿಗೆ ಅವಳಿಗೆ ದಿಂಬಿಗೆ ಒರಗಿ ಕೂರಲೂ ಆಗುತ್ತಿರಲಿಲ್ಲ. ಆದರೂ ಬಿಡಲಿಲ್ಲ. “ಓದಿ ಅಳಿಸಕ್ಕ, ಸುಮ್ನೆ ಅಳಿಸ್ಬೇಡ” ಎಂದಳು. ನಾನು ಒಂದೊಂದು ಹೆಸರನ್ನೂ ಗಟ್ಟಿಯಾಗಿ ಓದಿ ಅಳಿಸಿದೆ. ಕಣ್ಣು ಮುಚ್ಚಿಕೊಂಡೇ ಅವಳು, “ಪಾಪ, ಇವರೂ ಯಾರೋ ನಾಲ್ಕನೆಯವರು” ಎನ್ನುತ್ತಿದ್ದಳು.

ಸಂಪಾದಕರೇ, ಆ ವಾರ ನನಗೆ ಅವಳನ್ನು ಬೇರೇನೋ ಕೇಳುವುದಿತ್ತು. ಏನಾದರೂ ತಿನ್ನಬೇಕೆನಿಸುತ್ತದಾ, ಭಯವಾಗುತ್ತದಾ, ಅಮ್ಮನ ಮುಖ ಒಂಚೂರಾದರೂ ನೆನಪಿದೆಯಾ ಎಂದು. ನಾವು ಮಾತಾಡಿದ್ದೆಲ್ಲ ಅಲ್ಪವಿರಾಮದ ಬಗ್ಗೆ. ಅಕ್ಕತಂಗಿಯರ ಕೊನೆಯ ಮಾತುಕತೆಯನ್ನು ನಿಮ್ಮ ಶೈಲಿ ಸೂಚಿ ತಿಂದುಹಾಕಿತು. ಲೇಖನ ಹೊರಬಂದಾಗ ನೋಡಲು ಅವಳಿರಲಿಲ್ಲ.

ಮೊನ್ನೆ ಅವಳ ಜೊತೆ ಕೆಲಸ ಮಾಡುತ್ತಿದ್ದ ಗೆಳತಿ ಓಡುತ್ತಾ ಬಂದಳು. “ಅಕ್ಕಾ, ಗುಬ್ಬಿ ಕೆಲಸ ನೋಡಿ ಶಾಲೆಗಳಲ್ಲಿ ಮಕ್ಕಳನ್ನ ಮುಂದೆ ಕೂರಿಸ್ತಿದ್ದಾರಂತೆ! ಯಾರೋ ಹೊಸ ಲೇಖನದಲ್ಲಿ ಅವಳದನ್ನ ಉಲ್ಲೇಖ ಮಾಡಿದ್ದಾರೆ!” ಎಂದು ಮುದ್ರಿಸಿ ತಂದ ಹಾಳೆ ಕೈಗಿತ್ತಳು. ಕೈ ತೊಳೆದು, ಹಾಳೆಯನ್ನು ದೇವರ ಮುಂದಿಟ್ಟು ತೆಗೆದು, ಕನ್ನಡಕ ಹಾಕಿಕೊಂಡು ಬೆರಳಿಟ್ಟು ಓದಿದೆ. ಮಾರ್ಗದರ್ಶಕರು ಸಿಕ್ಕಿದರು. ಮುಖ್ಯಸ್ಥರು ಸಿಕ್ಕಿದರು. ಯಂತ್ರ ಕೊಡಿಸಿದವರೂ ಸಿಕ್ಕಿದರು.

“ಇವಳೆಲ್ಲಿದ್ದಾಳಮ್ಮಾ?”

ಆ ಹುಡುಗಿಯ ಮುಖ ಸಣ್ಣದಾಯಿತು. ‘ಇತರರು’ ಎಂಬ ಪದದ ಮೇಲೆ ಬೆರಳಿಟ್ಟು, “ಇದರೊಳಗಿದ್ದಾಳಕ್ಕ” ಎಂದಳು.

ನಿಮ್ಮ ಕಚೇರಿಗೆ ಆ ಹುಡುಗಿಯ ಕೈಯಲ್ಲೇ ಬರೆಸಿದೆ. ಸ್ಥಳಾವಕಾಶದ ದೃಷ್ಟಿಯಿಂದ ಇದು ಅನಿವಾರ್ಯ ಎಂದು ಉತ್ತರ ಬಂತು. ಯಾವ ಸ್ಥಳ, ಸ್ವಾಮಿ? ನಿಮ್ಮ ಪತ್ರಿಕೆ ಈಗ ಕಾಗದದಲ್ಲಿ ಬರುವುದೇ ಇಲ್ಲವಂತೆ, ಬರೀ ಪರದೆಯ ಮೇಲಂತೆ. ಆಕಾಶದಲ್ಲಿ ಜಾಗ ಸಾಲದೆಂದು ನಕ್ಷತ್ರಗಳನ್ನು ಕೆಳಗಿಳಿಸಿದವರನ್ನು ಇದೇ ಮೊದಲು ಕಂಡೆ. ಮೇಷ್ಟರು ಹಾಜರಿ ಕರೆಯುವಾಗ ಮೂರು ಹೆಸರು ಕೂಗಿ ‘ಮಿಕ್ಕವರು’ ಎಂದರೆ ಹಿಂದಿನ ಬೆಂಚಿನ ಮಗು ಯಾವುದಕ್ಕೆಂದು ಓಗೊಡಬೇಕು? ಹೊಲಿಯಲು ಬಂದ ಗಂಟುಗಳಿಗೆ ನಾನು ‘ಇತರರು’ ಎಂದು ಚೀಟಿ ಸಿಕ್ಕಿಸಿದರೆ ಯಾರ ಅಂಗಿ ಯಾರ ಮೈಗೆ? ದೇವರ ಮುಂದೆ ಕೂತಾಗಲೂ ನಾನು ಒಬ್ಬೊಬ್ಬರ ಹೆಸರು ಹಿಡಿದೇ ಬೇಡಿಕೊಳ್ಳುವವಳು. ‘ಮತ್ತು ಇತರರನ್ನು ಕಾಪಾಡಪ್ಪ’ ಎಂದರೆ ಅವನಾದರೂ ಯಾರ ಬಾಗಿಲು ತಟ್ಟಬೇಕು? ಅಷ್ಟು ಕೋಟಿ ಜೀವಗಳನ್ನು ನೋಡಿಕೊಳ್ಳುವವನಿಗೇ ಇಲ್ಲದ ಆತುರ ನಿಮ್ಮ ಕಚೇರಿಗೆ ಎಲ್ಲಿಂದ ಬಂತು?

ನನ್ನ ಬೇಡಿಕೆ ಇಷ್ಟೇ. ಆ ನಿಯಮ ತೆಗೆಯಿರಿ. ಪಟ್ಟಿಯಲ್ಲಿ ಎಲ್ಲ ಲೇಖಕರ ಹೆಸರನ್ನೂ ಹಾಕಿ, ನನ್ನ ತಂಗಿಯೊಬ್ಬಳದಲ್ಲ, ನಾನು ಓದಿ ಅಳಿಸಿದ ಅಷ್ಟೂ ಜನರದು. ಅಕ್ಷರ ಬೇಕಾದರೆ ಸಾಸಿವೆಯಷ್ಟು ಸಣ್ಣದು ಮಾಡಿ. ಸೂಜಿಗೆ ದಾರ ಪೋಣಿಸುವ ಕಣ್ಣಿದು, ಓದಿಕೊಳ್ಳುತ್ತೇನೆ.

ಇಷ್ಟುದ್ದ ಬರೆದವಳು ತಂಗಿಯ ಹೆಸರನ್ನೇ ಹೇಳಲಿಲ್ಲವಲ್ಲ ಎನಿಸಬಹುದು. ಮರೆತಿಲ್ಲ. ದಿನಾ ಬೆಳಿಗ್ಗೆ ದೇವರ ಮುಂದೆ ಹೇಳುತ್ತೇನೆ. ಆದರೆ ಲೋಕ ಅದನ್ನು ಮೊದಲು ಓದಬೇಕಾದದ್ದು ಅಕ್ಕನ ಅಳುವಿನಲ್ಲಲ್ಲ, ಅವಳು ದುಡಿದು ಗಳಿಸಿದ ಜಾಗದಲ್ಲಿ. ನಾಲ್ಕನೆಯದು. ಅಲ್ಪವಿರಾಮ, ಒಂದಕ್ಷರ, ಚುಕ್ಕಿ. ನೀವು ಬರೆಯಿರಿ, ನಾನು ಗಟ್ಟಿಯಾಗಿ ಓದುತ್ತೇನೆ.

ಇಂತಿ,
ನಿಮ್ಮ ‘ಇತರರ’ ಪೈಕಿ ಒಬ್ಬಳ ಅಕ್ಕ